ಲ್ಯಾಟಿನ್ ಪೂಜೆಯ ಹಂಬಲ, ನಮ್ಮೂರ ಚರ್ಚು

(ಚಿಕ್ಕಮಗಳೂರಿನ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಈ ವಿಷಯ ನಾನಾಗಿ ಆರಿಸಿದ್ದಲ್ಲ. ನನ್ನ ತಂಗಿಯ ಮೊಮ್ಮಗ ತಂದು ತಲೆಗೆ ಕಟ್ಟಿದ್ದು. ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹೋದ ಕ್ರಿಸ್‌ಮಸ್ಸಿಗೆ ಊರಿಗೆ ಬಂದಿದ್ದ. ನಡುರಾತ್ರಿಯ ಪೂಜೆ ಮುಗಿಸಿ ಬಂದು ಎಲ್ಲರೂ ಕಾಫಿ ಕುಡಿಯುತ್ತಾ ಕೂತಿದ್ದೆವು. "ತಾತ, ಇವತ್ತು ನಾವು ನೋಡಿದ್ದು ನಿಜವಾದ ಪೂಜೆಯೇ ಅಲ್ಲ" ಅಂದ. "ನಿಜವಾದದ್ದನ್ನ 1969ರಲ್ಲೇ ನಿಲ್ಲಿಸಿಬಿಟ್ರು. ಅಲ್ಲಿಂದ ಎಲ್ಲ ಹಾಳಾಯ್ತು. ಚರ್ಚು, ಮದುವೆ, ರಾಜಕೀಯ, ಎಲ್ಲ."

ತಂಗಿ ಗಾಬರಿಯಾಗಿ ನನ್ನ ಮುಖ ನೋಡಿದಳು. "ಯಾರು ಹೇಳಿದ್ದೋ ಮರಿ ನಿನಗೆ?" ಅಂತ ಕೇಳಿದೆ. ಮೊಬೈಲ್ ತೋರಿಸಿದ. ಅಮೆರಿಕದ ಒಬ್ಬ ಗಡ್ಡದ ಯುವಕ, ಹಿಂದೆ ಮೇಣದ ಬತ್ತಿ, ಲ್ಯಾಟಿನ್ ಹಾಡು. ಒಂದು ಗಂಟೆಯ ಮಾತು. ಪೂರ್ತಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅರ್ಧ ನನಗೂ ಹಿಡಿಸಿತು. ಇನ್ನರ್ಧಕ್ಕೆ ಸಿಟ್ಟು ಬಂತು.

ನಿಮ್ಮಲ್ಲಿ ಹೆಚ್ಚಿನವರು ಕ್ಯಾಥೊಲಿಕರಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರುತ್ತೇನೆ. ನಮ್ಮ ಆರಾಧನೆಯ ಹೃದಯ ಬಲಿಪೂಜೆ. ಅದರ ಕ್ರಮವನ್ನು ಐದನೇ ಪಯಸ್ ಪೋಪ್ 1570ರಲ್ಲಿ ಗಟ್ಟಿ ಮಾಡಿದರು. ಅಲ್ಲಿಂದ ಸುಮಾರು ನಾನೂರು ವರ್ಷ ಅದೇ ಕ್ರಮ. ಮಂತ್ರಗಳೆಲ್ಲ ಲ್ಯಾಟಿನ್. ಗುರುಗಳು, ಅಂದರೆ ಚರ್ಚಿನ ಫಾದರ್, ಜನರಿಗೆ ಬೆನ್ನು ಹಾಕಿ ಪೀಠದ ಕಡೆ ನಿಲ್ಲುತ್ತಿದ್ದರು. ಬೆನ್ನು ಹಾಕಿ ಅಂದರೆ ಹಳೆ ಪೂಜೆಯವರಿಗೆ ಕೋಪ ಬರುತ್ತದೆ. ಜನರ ಜೊತೆ ಸೇರಿ ದೇವರ ಕಡೆ ತಿರುಗಿ ಅನ್ನಬೇಕಂತೆ. ಅದೂ ಸರಿಯೇ. ಗರ್ಭಗುಡಿಯಲ್ಲಿ ಅರ್ಚಕರು ನಮಗೆ ಬೆನ್ನು ಹಾಕಿದರು ಅಂತ ಯಾರಾದರೂ ದೂರುತ್ತೇವಾ?

1962ರ ಅಕ್ಟೋಬರ್ 11ರಂದು ಇಪ್ಪತ್ತಮೂರನೇ ಜಾನ್ ಪೋಪ್ ರೋಮಿನಲ್ಲಿ ಲೋಕದ ಬಿಷಪ್ಪರೆಲ್ಲ ಸೇರುವ ಎರಡನೇ ವ್ಯಾಟಿಕನ್ ಮಹಾಸಭೆ ಶುರು ಮಾಡಿದರು. ಅದು 1965ರ ಡಿಸೆಂಬರ್ 8ರವರೆಗೆ ನಡೆಯಿತು. ಪೂಜೆಯಲ್ಲಿ ಜನರ ಭಾಷೆಗೆ ದಾರಿ ಬಿಟ್ಟದ್ದು ಅದೇ ಸಭೆ. 1969ರ ನವೆಂಬರ್ 30ಕ್ಕೆ ಹೊಸ ಪೂಜಾಕ್ರಮ ಜಾರಿಗೆ ಬಂತು. ನಮ್ಮ ಹುಡುಗ ಹೇಳಿದ ವರ್ಷ ಇದೇ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಆ ಹಳೆ ಪೂಜೆಯಲ್ಲಿ ನಾನು ಗುರುಗಳಿಗೆ ನೆರವಾಗುವ ಪೀಠಸೇವೆ ಮಾಡಿದ್ದೇನೆ. ಆಗ ನನಗೆ ಒಂಬತ್ತು ವರ್ಷ. ಉಪದೇಶಿಗಳು ಲ್ಯಾಟಿನ್ ಉತ್ತರಗಳನ್ನು ಕನ್ನಡ ಅಕ್ಷರದಲ್ಲಿ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದರು. ಗುರುಗಳು ಮೆಟ್ಟಿಲ ಕೆಳಗೆ ನಿಂತು "ಇಂತ್ರೊಇಬೊ ಆದ್ ಅಲ್ತಾರೆ ದೇಇ" ಅನ್ನುವರು. ದೇವರ ಪೀಠದ ಬಳಿಗೆ ಹೋಗುವೆನು ಅಂತ. ನಾನು ಮಂಡಿಯೂರಿ "ಆದ್ ದೇಉಮ್ ಕ್ವಿ ಲೆತಿಫಿಕಾತ್ ಯುವೆಂತೂತೆಮ್ ಮೇಆಮ್" ಅನ್ನಬೇಕು. ನನ್ನ ಯೌವನಕ್ಕೆ ಸಂತೋಷ ಕೊಡುವ ದೇವರ ಬಳಿಗೆ ಅಂತ ಅರ್ಥ. ಒಂಬತ್ತು ವರ್ಷದವನಿಗೆ ಎಲ್ಲಿಯ ಯೌವನ? ಅರ್ಥ ತಿಳಿಯುವ ಹೊತ್ತಿಗೆ ಅದೂ ಹೊರಟುಹೋಗಿತ್ತು. ಆದರೆ ನೋಡಿ, ಇವತ್ತಿಗೂ ಒಂದಕ್ಷರ ಮರೆತಿಲ್ಲ.

ನಮ್ಮ ಅಜ್ಜಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು ಎಂಬ ನಿಯಮ ಇತ್ತು. 1953ರಲ್ಲಿ ನೀರಿಗೆ ಅನುಮತಿ ಬಂತು. 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು. 1964ರಲ್ಲಿ ಒಂದೇ ಗಂಟೆ. ಅಜ್ಜಿ ಇದ್ಯಾವುದಕ್ಕೂ ಕಿವಿಗೊಡಲಿಲ್ಲ. ಕಾಫಿ ತೋಟದ ಸಾಲುಮನೆಯಲ್ಲಿ ಹುಟ್ಟಿ ಬೆಳೆದ ಹೆಂಗಸು. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕು. ಭಾನುವಾರ ಮಾತ್ರ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ಮೂರು ಮೈಲಿ ಬರಿಹೊಟ್ಟೆಯಲ್ಲಿ ನಡೆಯುವಳು. ವಾಪಸ್ ಬಂದ ಮೇಲೆ ಕುಡಿಯುವ ಆ ಒಂದು ಲೋಟ ಕಾಫಿಯ ರುಚಿ ಇನ್ನಾರಿಗೂ ಸಿಕ್ಕಿರಲಾರದು.

ಪೂಜೆ ನಡೆಯುವಷ್ಟು ಹೊತ್ತೂ ಅವಳು ಜಪಸರ ಮಾಡುತ್ತಿದ್ದಳು. ಮುಂದೆ ಗುರುಗಳು ಲ್ಯಾಟಿನ್‌ನಲ್ಲಿ ಅವರ ಕೆಲಸ ಮಾಡುತ್ತಿದ್ದರು, ಹಿಂದೆ ಇವಳು ಇವಳ ಕೆಲಸ. ಗಂಟೆ ಬಾರಿಸಿದಾಗ ತಲೆ ಬಗ್ಗಿಸುವಳು. ಕನ್ನಡ ಪೂಜೆ ಬಂದಾಗ ಎಲ್ಲರೂ ಖುಷಿಪಟ್ಟರು. ಅಜ್ಜಿ ಮಾತ್ರ ಗೊಣಗಿದಳು. "ಮೊದಲು ಸುಮ್ನೆ ಜಪ ಮಾಡೋಕೆ ಬಿಡ್ತಿದ್ರು. ಈಗ ಫಾದರ್ ಮಾತಾಡ್ತಾನೇ ಇರ್ತಾರೆ."

ಹಳೆ ಪೂಜೆಯವರ ಮೊದಲ ದೂರು ಇದೇ. ಮೌನ ಹೋಯಿತು, ಮಂಡಿಯೂರುವುದು ಹೋಯಿತು, ಉಪವಾಸ ಹೋಯಿತು, ಗ್ರೆಗೋರಿಯನ್ ಹಾಡು ಹೋಗಿ ಗಿಟಾರು ಬಂತು. ದೇವರಿಗೆ ನಡೆಯುತ್ತಿದ್ದ ಪೂಜೆ ಜನರಿಗೆ ನಡೆಯುವ ಕಾರ್ಯಕ್ರಮ ಆಯಿತು. ಈ ದೂರನ್ನು ಭಕ್ತರು ಮಾತ್ರ ಹೇಳಿದ್ದಲ್ಲ. ಹಳೆ ಪೂಜೆಯನ್ನು ಪೂರ್ತಿ ಅಳಿಸಬೇಡಿ ಅಂತ 1971ರಲ್ಲಿ ಇಂಗ್ಲೆಂಡಿನ ಕಲಾವಿದರು, ಲೇಖಕರು ಪೋಪ್‌ಗೆ ಮನವಿ ಬರೆದರು. ಸಹಿ ಹಾಕಿದವರಲ್ಲಿ ಕ್ಯಾಥೊಲಿಕರಲ್ಲದವರೂ ಇದ್ದರು. ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿ ಅವರಲ್ಲೊಬ್ಬರು. ಪೋಪ್ ಆರನೇ ಪೌಲ್ ಹೆಸರುಗಳನ್ನು ಓದುತ್ತಾ ಹೋಗಿ, ಈಕೆಯ ಹೆಸರು ಕಂಡು "ಓ, ಅಗಾಥಾ ಕ್ರಿಸ್ಟಿ!" ಎಂದು ಸಹಿ ಹಾಕಿದರಂತೆ. ಕಥೆ ನಿಜವೋ ಸುಳ್ಳೋ, ಇಂಗ್ಲೆಂಡಿಗೆ ಅನುಮತಿ ಸಿಕ್ಕಿದ್ದಂತೂ ನಿಜ.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಳೆ ಪೂಜೆಗೆ ಬಾಗಿಲು ಸ್ವಲ್ಪ ತೆರೆದರು. 2007ರಲ್ಲಿ ಹದಿನಾರನೇ ಬೆನೆಡಿಕ್ಟ್ ಪೂರ್ತಿ ತೆರೆದರು. 2021ರಲ್ಲಿ ಫ್ರಾನ್ಸಿಸ್ ಮತ್ತೆ ಹೆಚ್ಚುಕಡಿಮೆ ಮುಚ್ಚಿದರು. ಹಾಗೆ ಮುಚ್ಚಿದ್ದು ಒರಟಾಯಿತು ಅಂತ ನನಗನಿಸುತ್ತದೆ. ಬೇಡ ಅಂದಷ್ಟೂ ಹುಡುಗರಿಗೆ ಅದೇ ಬೇಕು. ಫ್ರಾನ್ಸಿನಲ್ಲಿ ಪ್ರತಿವರ್ಷ ಪೆಂತೆಕೋಸ್ತ್ ಹಬ್ಬಕ್ಕೆ ಪ್ಯಾರಿಸ್ಸಿನಿಂದ ಶಾರ್ತ್ರ್ ಊರಿನ ದೇವಾಲಯಕ್ಕೆ ಪಾದಯಾತ್ರೆ ಹೋಗುತ್ತಾರೆ. ಮೂರು ದಿನ, ಸುಮಾರು 100 ಕಿಲೋಮೀಟರ್. ದಾರಿಯುದ್ದಕ್ಕೂ ಲ್ಯಾಟಿನ್ ಪೂಜೆ. 2024ರಲ್ಲಿ 18,000 ಜನ ನಡೆದರು, ಹೆಚ್ಚಿನವರು ಯುವಕ ಯುವತಿಯರು. ನನಗಿದರಲ್ಲಿ ಆಶ್ಚರ್ಯವೇನೂ ಇಲ್ಲ. ಶಿವರಾತ್ರಿ ಸಮಯದಲ್ಲಿ ಕೊಟ್ಟಿಗೆಹಾರದ ಹತ್ತಿರ ನಿಂತು ನೋಡಿ. ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿ ಇಳಿಯುವ ಪಾದಯಾತ್ರಿಗಳಲ್ಲಿ ಎಷ್ಟು ಜನ ಹುಡುಗರು! ಕಾಲು ಬೊಬ್ಬೆ ಬಂದರೂ ನಡೆಯುತ್ತಾರೆ. ಸುಲಭ ಮಾಡಿಕೊಟ್ಟರೆ ಜನ ಬರುತ್ತಾರೆ ಅಂದುಕೊಂಡದ್ದು ನಮ್ಮ ಕಾಲದವರ ತಪ್ಪು. ಕಷ್ಟ ಇದ್ದಲ್ಲಿಗೂ ಜನ ಬರುತ್ತಾರೆ.

ನನಗೆ ಹಿಡಿಸಿದ ಅರ್ಧ ಇಷ್ಟು.

ಈಗ ಭಾಷೆಯ ವಿಷಯ. ಇದು ಬರೀ ಕ್ಯಾಥೊಲಿಕರ ಜಗಳ ಅಂದುಕೊಳ್ಳಬೇಡಿ. ನಮ್ಮ ಒಂದೇ ಜಿಲ್ಲೆಯಲ್ಲಿ ಈ ಜಗಳದ ಎರಡೂ ಕಡೆ ಇವೆ. ಶೃಂಗೇರಿಗೆ ಹೋದರೆ ಸಂಸ್ಕೃತ, ಸ್ವರ ಸಮೇತ, ಒಂದು ಮಾತ್ರೆ ತಪ್ಪಬಾರದು. ಇಲ್ಲಿ ಪಕ್ಕದ ಹಿರೇಮಗಳೂರಿಗೆ ಹೋದರೆ ಕಣ್ಣನ್ ಮಾಮ ಕೋದಂಡರಾಮನಿಗೆ ಕನ್ನಡದಲ್ಲೇ ಮಂತ್ರ ಹೇಳುತ್ತಾರೆ. ನಿಮ್ಮಲ್ಲಿ ಅನೇಕರು ಎರಡು ಕಡೆಗೂ ಹೋಗುತ್ತೀರಿ, ಎರಡು ಕಡೆಯೂ ಕೈಮುಗಿಯುತ್ತೀರಿ. ಯಾರೂ ಯಾರನ್ನೂ ಧರ್ಮದಿಂದ ಹೊರಗೆ ಹಾಕಿಲ್ಲ.

ನಮ್ಮ ಚರ್ಚುಗಳಲ್ಲಿ ಬೇರೆ ತೊಡಕು ಬಂತು. ಜನರ ಭಾಷೆ ಅಂದರೆ ಯಾವ ಜನರದ್ದು? ಈ ಕಾಫಿ ಸೀಮೆಯ ಒಂದು ಚರ್ಚಿನಲ್ಲಿ ಕರಾವಳಿಯಿಂದ ಬಂದ ಕೊಂಕಣಿಯವರು, ತೋಟದ ಕೆಲಸಕ್ಕೆ ಬಂದ ತಮಿಳರು, ಘಟ್ಟ ಹತ್ತಿ ಬಂದ ಮಲಯಾಳಿಗಳು, ಹಾಸನ ಕಡೆಯ ಕನ್ನಡದವರು, ಎಲ್ಲ ಒಟ್ಟಿಗೆ ಕೂರುತ್ತಾರೆ. ಲ್ಯಾಟಿನ್ ಇದ್ದಾಗ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಕರಾರಿರಲಿಲ್ಲ. ಅದು ಹೋದ ಮೇಲೆ ಏಳು ಗಂಟೆಯ ಪೂಜೆ ಯಾರಿಗೆ, ಒಂಬತ್ತರದ್ದು ಯಾರಿಗೆ ಎಂಬ ಪಂಚಾಯ್ತಿ. ಬೆಂಗಳೂರಿನಲ್ಲಂತೂ ಕನ್ನಡವೋ ತಮಿಳೋ ಎಂಬ ಜಗಳ ದಶಕಗಳ ಕಾಲ ಚರ್ಚಿನಿಂದ ಬೀದಿಗೂ ಬಂತು. ಲ್ಯಾಟಿನ್ ಎಲ್ಲರನ್ನೂ ಒಂದು ಮಾಡಿತ್ತು ಅಂತ ಹಳೆ ಪೂಜೆಯವರು ಹೇಳುವಾಗ ನಾನು ನಗುವುದಿಲ್ಲ. ಅದರಲ್ಲಿ ಹುರುಳಿದೆ.

ಆದರೂ ನಾನು ಕನ್ನಡದ ಕಡೆಯವನೇ. ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಸೀಮೆ, ಹುಟ್ಟಿದ್ದು 1963ರ ನವೆಂಬರ್ 16ರಂದು. ರೋಮಿನಲ್ಲಿ ಮಹಾಸಭೆ ನಡೆಯುತ್ತಲೇ ಇತ್ತು. ಅಲ್ಲಿ ಪೂಜಾವಿಧಿಯ ನಿರ್ಣಯಕ್ಕೆ ಪೋಪ್ ಸಹಿ ಬಿದ್ದದ್ದು ಡಿಸೆಂಬರ್ 4ಕ್ಕೆ. ಮಧ್ಯೆ ಹದಿನೆಂಟೇ ದಿನ. ನಮ್ಮ ಮೊದಲ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಅಲ್ಫೋನ್ಸಸ್ ಮಥಾಯಸ್, ಆ ಸಭೆಯಲ್ಲಿ ಕೂತು ಬಂದವರು. ಮಹಾಸಭೆಯೇ ತಪ್ಪು ಅಂದರೆ ನಮ್ಮ ಜಾತಕವೇ ತಪ್ಪು ಅಂದಂತೆ ಆಯಿತಲ್ವಾ?

ಇನ್ನು ನನಗೆ ಸಿಟ್ಟು ತರಿಸಿದ ಅರ್ಧ. ಆ ಗಡ್ಡದ ಯುವಕ ಪೂಜೆಯಿಂದ ಶುರು ಮಾಡಿ ನಿಧಾನಕ್ಕೆ ರಾಜಕೀಯಕ್ಕೆ ಬಂದ. ಸರ್ಕಾರ ಎಲ್ಲ ಧರ್ಮಗಳನ್ನೂ ಒಂದೇ ಕಣ್ಣಿನಿಂದ ನೋಡುವುದು ತಪ್ಪು, ಅದು ಸತ್ಯ ಸುಳ್ಳುಗಳನ್ನು ಒಂದೇ ತಕ್ಕಡಿಗೆ ಹಾಕಿದಂತೆ, ದೇಶಗಳು ಕ್ರಿಸ್ತನನ್ನೇ ರಾಜ ಅಂತ ಒಪ್ಪಬೇಕು ಅಂದ. ಇದು ಅವನ ಹೊಸ ಕಲ್ಪನೆಯಲ್ಲ. ಇದರ ಬೇರು ಫ್ರಾನ್ಸಿನಲ್ಲಿದೆ.

1789ರ ಕ್ರಾಂತಿ ಅಲ್ಲಿ ಚರ್ಚಿನ ಆಸ್ತಿ ಕಿತ್ತುಕೊಂಡಿತು. 1792ರಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಗುರುಗಳನ್ನು ಕೊಂದರು. ಅದೇ 1792ರಲ್ಲಿ ಫ್ರಾನ್ಸ್ ಬಿಟ್ಟು ಹೊರಟ ಒಬ್ಬ ತರುಣ ಗುರು ನಮ್ಮ ಮೈಸೂರು ಸೀಮೆಗೆ ಬಂದರು. ಅವರೇ ಅಬ್ಬೆ ದ್ಯುಬುವಾ. ನಮ್ಮವರ ಹಾಗೇ ಬಟ್ಟೆ ಉಟ್ಟು, ನಮ್ಮವರ ಊಟ ಮಾಡಿ, ಸಿಡುಬಿಗೆ ಚುಚ್ಚುಮದ್ದು ಹಾಕಿಸಿ, 1823ರಲ್ಲಿ ವಾಪಸ್ ಹೋದರು. ಇಲ್ಲಿಯ ಮಿಷನ್ ನಡೆಸಿದವರು ಬಹುಕಾಲ ಫ್ರೆಂಚ್ ಗುರುಗಳೇ. ಕ್ರಾಂತಿ ಅಂದರೆ ಅವರ ನೆನಪಿನಲ್ಲಿ ರಕ್ತ. ಸ್ವಾತಂತ್ರ್ಯ, ಸಮಾನತೆ ಅಂತ ಕೂಗುತ್ತಾ ಬಂದವರು ತಮ್ಮ ಗುರುಗಳ ತಲೆ ಕಡಿದದ್ದನ್ನು ಅವರು ಮರೆಯಲಿಲ್ಲ. ಆ ಹೆದರಿಕೆಯನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಒಂಬತ್ತನೇ ಪಯಸ್ ಪೋಪ್ 1864ರಲ್ಲಿ ಕಾಲದ ಎಂಬತ್ತು ತಪ್ಪುಗಳ ಪಟ್ಟಿ ಹೊರಡಿಸಿದರು. ಪ್ರಗತಿ, ಉದಾರವಾದ, ಆಧುನಿಕ ನಾಗರಿಕತೆಗಳ ಜೊತೆ ಪೋಪ್ ರಾಜಿಯಾಗಬೇಕು ಅನ್ನುವುದು ಅದರಲ್ಲಿ ಎಂಬತ್ತನೇ ತಪ್ಪು. 1925ರಲ್ಲಿ ಹನ್ನೊಂದನೇ ಪಯಸ್ 'ಕ್ರಿಸ್ತರಾಜ' ಹಬ್ಬ ಶುರು ಮಾಡಿದರು. ಅದು ಅಕ್ಟೋಬರಿನ ಕೊನೆಯ ಭಾನುವಾರ ಇತ್ತು. ಹೊಸ ಕ್ರಮದಲ್ಲಿ ಪೂಜಾವರ್ಷದ ಕೊನೆಯ ಭಾನುವಾರಕ್ಕೆ ಹೋಯಿತು. ಈಗಿನ ದೇಶಗಳಿಗೆ ರಾಜನಾಗಿದ್ದವನನ್ನು ಲೋಕದ ಕೊನೆಗೆ ತಳ್ಳಿಬಿಟ್ಟರು ಅಂತ ಹಳೆ ಪೂಜೆಯವರ ಕೊರಗು.

ಮಹಾಸಭೆಯಲ್ಲಿ ಇವರ ಪರ ಗಟ್ಟಿಯಾಗಿ ನಿಂತವರು ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆಬ್ರ್. ಅವರಿಗೆ ಲ್ಯಾಟಿನ್ ಎಷ್ಟು ಮುಖ್ಯವೋ, 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ವಿರೋಧಿಸುವುದೂ ಅಷ್ಟೇ ಮುಖ್ಯವಾಗಿತ್ತು. ಯಾರನ್ನೂ ಬಲವಂತದಿಂದ ನಂಬಿಸಬಾರದು, ನಂಬುವುದನ್ನು ತಡೆಯಲೂಬಾರದು ಅಂತ ಆ ಘೋಷಣೆ ಹೇಳಿತು. ಇದು ಹಿಂದಿನ ಪೋಪ್‌ಗಳ ಮಾತಿಗೆ ವಿರುದ್ಧ ಅಂತ ಅವರ ವಾದ. 1970ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ವಂತ ಸಂಘ ಕಟ್ಟಿದರು. 1988ರ ಜೂನ್ 30ರಂದು ಪೋಪ್ ಮಾತು ಮೀರಿ ನಾಲ್ಕು ಜನರನ್ನು ಬಿಷಪ್ಪರನ್ನಾಗಿ ಮಾಡಿ ಬಹಿಷ್ಕಾರಕ್ಕೆ ಒಳಗಾದರು. ಆ ನಾಲ್ವರ ಬಹಿಷ್ಕಾರವನ್ನು 2009ರಲ್ಲಿ ಬೆನೆಡಿಕ್ಟ್ ತೆಗೆದರು.

ಈ ಮನುಷ್ಯನನ್ನು ಒಂದೇ ಬಣ್ಣದಲ್ಲಿ ಬರೆಯಲು ಆಗುವುದಿಲ್ಲ. ಅವರ ತಂದೆ ನಾಜಿಗಳ ವಿರುದ್ಧ ಕೆಲಸ ಮಾಡಿ, ಅವರ ಸೆರೆಯಲ್ಲೇ 1944ರಲ್ಲಿ ಸತ್ತವರು. ಆದರೆ ಇದೇ ಮಗ 1976ರ ಆಗಸ್ಟಿನಲ್ಲಿ ಲೀಲ್ ಊರಿನಲ್ಲಿ ಸಾವಿರಾರು ಜನರ ಮುಂದೆ ಪ್ರಸಂಗ ಮಾಡುತ್ತಾ, ಶಿಸ್ತಿನ ಸರ್ಕಾರಕ್ಕೆ ಅರ್ಜೆಂಟೀನಾವನ್ನು ಮಾದರಿಯಾಗಿ ತೋರಿಸಿದರು. ಅಲ್ಲಿ ಆ ಮಾರ್ಚಿನಲ್ಲಷ್ಟೇ ಸೇನೆ ಅಧಿಕಾರ ಹಿಡಿದಿತ್ತು. ಸಾವಿರಾರು ಜನರನ್ನು ಹಿಡಿದೊಯ್ದು ಮಾಯ ಮಾಡಿದ ಸರ್ಕಾರ ಅದು. ಪೂಜೆಯ ಮೌನವನ್ನು ಅಷ್ಟು ಪ್ರೀತಿಸಿದವರಿಗೆ ಈ ಮೌನ ಕೇಳಿಸಲಿಲ್ಲ.

ಹುಡುಗನಿಗೆ ಒಂದೇ ಪ್ರಶ್ನೆ ಕೇಳಿದೆ. "ಫ್ರಾನ್ಸಿನ ಸರ್ಕಾರ ಕ್ಯಾಥೊಲಿಕ್ ಆಗಿರಬೇಕು ಅಂತೀಯ. ಸರಿ. ನಮ್ಮ ಸರ್ಕಾರ ಏನಾಗಿರಬೇಕು?" ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲಿ ನಾವು ಕಡಿಮೆ ಜನ ಇದ್ದೀವಿ. ಇಲ್ಲಿ ಎಲ್ಲರನ್ನೂ ಸಮ ನೋಡ್ಬೇಕು" ಅಂದ. ಜಾಣ. ಅವನಿಗೆ ಗೊತ್ತಿಲ್ಲದೆ 1865ರ ಒಂದು ಹಳೆ ವಾದವನ್ನೇ ಹೇಳಿದ್ದ. ಆ ಎಂಬತ್ತು ತಪ್ಪುಗಳ ಪಟ್ಟಿ ಬಂದು ಯುರೋಪೆಲ್ಲ ಗಲಾಟೆಯಾದಾಗ, ಫ್ರಾನ್ಸಿನ ಬಿಷಪ್ ದ್ಯುಪಾನ್ಲೂ ಸಮಾಧಾನ ಹೇಳಿದ್ದು ಹೀಗೆಯೇ. ಆದರ್ಶ ಒಂದು, ಇರುವ ಪರಿಸ್ಥಿತಿಯಲ್ಲಿ ಒಪ್ಪಿಕೊಳ್ಳುವುದು ಇನ್ನೊಂದು ಅಂತ. ನಾವು ಹೆಚ್ಚಿರುವಲ್ಲಿ ನಮ್ಮದೇ ರಾಜ್ಯ, ಕಡಿಮೆ ಇರುವಲ್ಲಿ ಸಮಾನತೆ. ಅಂಗಡಿಯವನು ಕೊಳ್ಳಲು ಒಂದು ಸೇರು, ಮಾರಲು ಒಂದು ಸೇರು ಇಟ್ಟುಕೊಂಡಂತೆ. ಅಂಥವನ ಅಂಗಡಿಗೆ ನಾವು ಎರಡನೇ ಸಲ ಹೋಗುತ್ತೇವಾ?

ಈ ಊರಿನ ಕ್ಯಾಥೊಲಿಕನಾಗಿ ನನಗೆ ಇದು ಪುಸ್ತಕದ ಪ್ರಶ್ನೆಯಲ್ಲ. ನಾನು ಭಾನುವಾರ ಧೈರ್ಯವಾಗಿ ಚರ್ಚಿಗೆ ಹೋಗುವುದು, ನಮ್ಮ ತೇರು ಊರ ಬೀದಿಯಲ್ಲಿ ಬರುವುದು, ಧರ್ಮದ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯ ನೆರಳಿನಲ್ಲಿ. ಅದನ್ನು ಬರೆದ ಸಭೆಯಲ್ಲಿ ಮಂಗಳೂರಿನ ಜೆಸ್ವಿಟ್ ಗುರು ಜೆರೋಮ್ ಡಿಸೋಜ ಅವರೂ ಸದಸ್ಯರಾಗಿದ್ದರು. ರೋಮ್ ಈ ಮಾತಿಗೆ ಬಂದದ್ದು 1965ರಲ್ಲಿ. ನಮ್ಮ ದೇಶದಲ್ಲಿ ಅದು 1950ರಲ್ಲೇ ಕಾನೂನಾಗಿತ್ತು. ಹದಿನೈದು ವರ್ಷ ಮುಂದೆ ಇದ್ದೆವು ಅಂತ ಸ್ವಲ್ಪ ಜಂಬ ಪಟ್ಟರೂ ತಪ್ಪಿಲ್ಲ.

ಅಧಃಪತನದ ವಿಷಯಕ್ಕೆ ಬರುತ್ತೇನೆ. ಮಹಾಸಭೆ ಆಯಿತು, ಪಶ್ಚಿಮದಲ್ಲಿ ಚರ್ಚುಗಳು ಖಾಲಿಯಾದವು, ಮನೆಗಳು ಮುರಿದವು, ಆದ್ದರಿಂದ ಮಹಾಸಭೆಯೇ ಕಾರಣ ಅನ್ನುತ್ತಾರೆ. ಐರ್ಲೆಂಡನ್ನು ತೋರಿಸುತ್ತಾರೆ. ಅಷ್ಟು ಭಕ್ತಿಯ ದೇಶ, 2018ರಲ್ಲಿ ನೂರಕ್ಕೆ 66 ಜನ ಗರ್ಭಪಾತದ ನಿಷೇಧ ತೆಗೆಯಲು ಮತ ಹಾಕಿದರು. ದುಃಖ ನನಗೂ ಇದೆ. ಆದರೆ ಕಾರಣ? ಕೆನಡಾದ ಕ್ವಿಬೆಕ್ ಐರ್ಲೆಂಡಿನಷ್ಟೇ ಕ್ಯಾಥೊಲಿಕ್ ನಾಡಾಗಿತ್ತು. ಅಲ್ಲಿ ಶಾಲೆ, ಆಸ್ಪತ್ರೆಗಳು ಚರ್ಚಿನ ಕೈ ಬಿಡಲು ಕಾರಣವಾದ ಬದಲಾವಣೆ ಶುರುವಾದದ್ದು 1960ರಲ್ಲಿ, ಮಹಾಸಭೆಗೆ ಎರಡು ವರ್ಷ ಮೊದಲು. ಮಹಾಸಭೆಯ ಗಾಳಿಯೇ ತಾಗದ ಪ್ರೊಟೆಸ್ಟೆಂಟ್ ಚರ್ಚುಗಳೂ ಯುರೋಪಿನಲ್ಲಿ ಖಾಲಿಯಾದವು.

ಆಫ್ರಿಕಾ ನೋಡಿ. 1900ರಲ್ಲಿ ಅಲ್ಲಿ ಸುಮಾರು 20 ಲಕ್ಷ ಕ್ಯಾಥೊಲಿಕರು. ಈಗ 25 ಕೋಟಿಗೂ ಜಾಸ್ತಿ. ಪೂಜೆ ಅವರವರ ಭಾಷೆಯಲ್ಲಿ, ಡೋಲು, ಕುಣಿತ ಎಲ್ಲ ಸೇರಿ. ಆದರೂ ಮದುವೆ, ಸಂಸಾರದ ವಿಷಯದಲ್ಲಿ ಅವರಷ್ಟು ಬಿಗಿ ಯಾರೂ ಇಲ್ಲ. 2023ರ ಡಿಸೆಂಬರಿನಲ್ಲಿ ಸಲಿಂಗ ಜೋಡಿಗಳಿಗೆ ಆಶೀರ್ವಾದ ಕೊಡಬಹುದು ಅಂತ ರೋಮ್ ಹೇಳಿದಾಗ, ನಮ್ಮಲ್ಲಿ ಆಗುವುದಿಲ್ಲ ಅಂತ ಒಟ್ಟಾಗಿ ಹೇಳಿದವರು ಆಫ್ರಿಕಾದ ಬಿಷಪ್ಪರು. ಅವರು ಹೇಳಿದ್ದು ಸರಿಯೋ ತಪ್ಪೋ, ಅದು ಇನ್ನೊಂದು ದಿನದ ಮಾತು. ಲ್ಯಾಟಿನ್ ಹೋದದ್ದರಿಂದ ನೀತಿ ಹೋಯಿತು ಅನ್ನುವ ಲೆಕ್ಕ ಅಲ್ಲಿ ತಾಳೆಯಾಗುವುದಿಲ್ಲ, ಅಷ್ಟೇ. ತಮಾಷೆ ಅಂದರೆ ಆಫ್ರಿಕಾದಲ್ಲಿ ವರ್ಷಗಟ್ಟಲೆ ಮಿಷನರಿಯಾಗಿ ದುಡಿದವರು ಇದೇ ಲೆಫೆಬ್ರ್. ಸೆನೆಗಲ್‌ನ ಡಾಕರ್‌ನಲ್ಲಿ ಆರ್ಚ್‌ಬಿಷಪ್ ಆಗಿದ್ದರು.

ಇಷ್ಟೆಲ್ಲ ಹೇಳಿ ಹುಡುಗನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದೆ. ನೀವೆಲ್ಲ ನೋಡಿರುತ್ತೀರಿ. ಹಾಸನದ ಹತ್ತಿರ, ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಚರ್ಚು. ಗೊರೂರಿನ ಹೇಮಾವತಿ ಅಣೆಕಟ್ಟೆಯ ನೀರು ಊರನ್ನು ಎಬ್ಬಿಸಿತು. ಚರ್ಚು ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದೆ. ನಾವು ಹೋದ ದಿನ ಒಂದು ಜೋಡಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿತ್ತು. ಕ್ಯಾಮೆರಾದವನು "ಸ್ವಲ್ಪ ಕಮಾನಿನ ಕಡೆ ನೋಡಿ ಮೇಡಂ" ಅನ್ನುತ್ತಿದ್ದ. ಹುಡುಗ ಪೀಠ ಇದ್ದ ಜಾಗ ಹುಡುಕಿದ. ಮಂಡಿಯೂರಲು ಹೋಗಿ, ನೆಲದಲ್ಲೆಲ್ಲ ಕೆಸರು ಕಂಡು ಹಾಗೇ ನಿಂತ. "ಇಲ್ಲಿ ಪ್ರಾರ್ಥನೆ ಮಾಡ್ತಿದ್ದವರು ಎಲ್ಲಿ ಹೋದ್ರು ತಾತ?" "ಬೇರೆ ಊರುಗಳಲ್ಲಿ ಇದ್ದಾರೆ. ಅಲ್ಲಿ ಪ್ರಾರ್ಥನೆ ಮಾಡ್ತಾರೆ" ಅಂದೆ. ಫೋಟೋ ತೆಗೆಯಲಿಲ್ಲ ಅವನು. ಅದಕ್ಕೆ ಅವನ ಮೇಲೆ ಪ್ರೀತಿ ಬಂತು.

ವಾಪಸ್ ಬರುವಾಗ ಬಸ್ಸಿನಲ್ಲಿ ಆ ಲ್ಯಾಟಿನ್ ಉತ್ತರಗಳನ್ನು ಕಲಿಸಿ ಅಂದ. ಬೇಲೂರು ದಾಟುವಷ್ಟರಲ್ಲಿ ಅರ್ಧ ಕಲಿತ. ನನಗಿಂತ ಚೆನ್ನಾಗಿ ಉಚ್ಚರಿಸುತ್ತಾನೆ. ಯೂಟ್ಯೂಬಿನ ಕೃಪೆ.

ಮುಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ಬೈಬಲಿನ ಮೊದಲ ವಾಚನ ಓದಬೇಕಾಗಿದ್ದವರಿಗೆ ಜ್ವರ. ಗುರುಗಳು ಇವನನ್ನು ಓದಲು ಹೇಳಿದರು. ಇಲ್ಲ ಅನ್ನಲಿಲ್ಲ. ಆದರೆ ಇವನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಮಾತಾಡುತ್ತಾನೆ, ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾನೆ. ಶನಿವಾರ ರಾತ್ರಿ ನಾನು ಓದುತ್ತಾ ಹೋದೆ, ಅವನು ಇಡೀ ಕನ್ನಡ ವಾಚನವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ. ಬೆಳಿಗ್ಗೆ ಆ ಚೀಟಿ ಹಿಡಿದು ಚೆನ್ನಾಗಿಯೇ ಓದಿದ.